ಹದಿಮೂರು, ಹದಿನೆಂಟು

ಕಾನ್‌ಸ್ಟಂಟೀನಿನ ಮಾಳಿಗೆಗಳ ಮೇಲೆ
ನನಗೆ ಗುರುತಿರುವುದು ಮನೆಗಳಲ್ಲ, ಡಿಶ್ಶುಗಳು:
ತುಕ್ಕು ತಿಂದದ್ದು, ಕೊಕ್ಕರೆ ಗೂಡು ಕಟ್ಟಲು ನೋಡಿ ಬಿಟ್ಟುಹೋದದ್ದು,
ಮಗುವಿನ ಚಡ್ಡಿ ಒಣಗಿಸಲು ಆಸರೆಯಾದದ್ದು.
ಎಲ್ಲವೂ ತೆಂಕಣಕ್ಕೆ, ತುಸು ಪಡುವಣಕ್ಕೆ ವಾಲಿ
ಒಂದೇ ದಿಕ್ಕಿಗೆ ಬಾಯಿ ತೆರೆದು ಕೂತಿವೆ.
ಇಪ್ಪತ್ತಾರು ವರ್ಷದಿಂದ ಅವುಗಳ ಕತ್ತು ತಿರುಗಿಸುತ್ತಿದ್ದೇನೆ.
ಮಂಡಿ ಈಗ ಏಣಿಯ ಏಳನೇ ಮೆಟ್ಟಿಲಲ್ಲೇ ಲೆಕ್ಕ ಕೇಳುತ್ತದೆ.

ರಮದಾನಿನ ಮೂರನೇ ದಿನ ಝುಲೀಖಾಳ ಕರೆ.
'ಲಖ್ದರ್, ಧಾರಾವಾಹಿಯ ನಡುವೆ ಪರದೆ ಕಪ್ಪಾಗುತ್ತದೆ,
ಅದೂ ಮದುಮಗಳು ಬಾಯಿ ತೆರೆದಾಗಲೇ.'

ಕೆಳಗೆ ಅವಳು, ಮೇಲೆ ನೆಗೆಣ್ಣಿ ವರ್ದಾ.
ಒಂದು ತಾಮ್ರದ ತಟ್ಟೆಯ ಸಲುವಾಗಿ ಆರು ವರ್ಷ ಮಾತು ಬಿಟ್ಟವರು.
ಡಿಶ್ಶು ಗಂಡಂದಿರು ಬದುಕಿದ್ದಾಗ ಕೂಡಿ ಕೊಂಡದ್ದು;
ಆ ಮನೆಯಲ್ಲಿ ಪಾಲಾಗದೆ ಉಳಿದದ್ದು ಅದೊಂದೇ.
ಯಾರೋ ಇನ್ನೂರು ದಿನಾರಿನ ಕವಲು ತುಂಡು ನಡುವೆ ಸಿಕ್ಕಿಸಿ
ಒಂದು ಕೇಬಲ್ಲನ್ನು ಎರಡು ಮಾಡಿದ್ದರು.
ಯಾರೋ ಏನು, ನಾನೇ.
ಆಗ ಯಾರ ಕೈಯಲ್ಲೂ ಕಾಸಿರಲಿಲ್ಲ.

ಡಿಶ್ಶಿನ ಮೂತಿಯಲ್ಲಿರುವ ಕಣ್ಣು ಬಡಪಾಯಿ.
ಹದಿಮೂರು ವೋಲ್ಟು ಕಳಿಸಿದರೆ ನೆಟ್ಟಗಿನ ಅಲೆ ಹಿಡಿಯುತ್ತದೆ,
ಹದಿನೆಂಟು ಕಳಿಸಿದರೆ ಅಡ್ಡಡ್ಡ ಅಲೆ.
ಎರಡನ್ನೂ ಒಟ್ಟಿಗೆ ಹಿಡಿ ಎಂದರೆ ಅದಕ್ಕೆ ಬಾರದು.
ಇಬ್ಬರು ಕೇಳಿದರೆ ಹೆಚ್ಚು ವೋಲ್ಟಿನವರ ಮಾತೇ ನಡೆಯುವುದು;
ಕರೆಂಟಿನ ನ್ಯಾಯ ಊರ ನ್ಯಾಯಕ್ಕಿಂತ ಬೇರೆಯಲ್ಲ.
ಧಾರಾವಾಹಿ ಇರುವುದು ಹದಿಮೂರರಲ್ಲಿ.
ಮೇಲೆ ವರ್ದಾ ಅಡುಗೆಯ ಚಾನೆಲ್ಲಿಗೆ ಹದಿನೆಂಟು ಒತ್ತಿದಳೋ,
ಕೆಳಗೆ ಮದುಮಗಳು ಮಾಯ.

'ಬೇಕೆಂದೇ ಮಾಡುತ್ತಾಳೆ' ಎಂದಳು ಝುಲೀಖಾ
ಚಾವಣಿಯತ್ತ ಗದ್ದ ಎತ್ತಿ.
ನಾನು ವೋಲ್ಟಿನ ಪಾಠ ಹೇಳಲಿಲ್ಲ.
ಉಪವಾಸ, ಬಾಯಿ ಒಣಗಿತ್ತು.

ಹಳೆಯದನ್ನು ಬಿಚ್ಚಿ ನಾಲ್ಕು ಬಾಯಿಯ ಕಣ್ಣು ಕೂರಿಸಿದೆ.
ಮೇಲಕ್ಕೊಂದು ಕೇಬಲ್ಲು, ಕೆಳಕ್ಕೊಂದು,
ಒಬ್ಬರ ಗೊಡವೆ ಒಬ್ಬರಿಗಿಲ್ಲ.
ಉಳಿದೆರಡು ಬಾಯಿಗೆ ಟೇಪು ಸುತ್ತಿದೆ, ಮಳೆ ಹೋಗದಂತೆ.
ಫಿರಂಗಿ ಹಾರುವ ಹೊತ್ತಿಗೆ ಇಳಿದೆ.
ಇಬ್ಬರೂ ಖರ್ಜೂರ ಕೊಟ್ಟರು, ಬೇರೆ ಬೇರೆ ಬಾಗಿಲಲ್ಲಿ.

ನಾಲ್ಕು ದಿನ ಬಿಟ್ಟು ಮತ್ತೆ ಕರೆ.
'ಕೆಟ್ಟಿತೇ?'
'ಇಲ್ಲ. ಕೆಡುತ್ತಲೇ ಇಲ್ಲ.'
ಸುಮ್ಮನಾದಳು. ಫೋನಿನೊಳಗೆ ಚಮಚ ಬಟ್ಟಲಿಗೆ ತಾಗುವ ಸದ್ದು.
'ಮೊದಲು ಗೊತ್ತಾಗುತ್ತಿತ್ತು.
ನಸುಕಿನಲ್ಲಿ ಚಿತ್ರ ಹೋದರೆ, ಎದ್ದಳು.
ನಡುರಾತ್ರಿ ಹೋದರೆ, ಅವಳಿಗೂ ನಿದ್ದೆ ಬಂದಿಲ್ಲ.
ಈಗ ಮೇಲೆ ಇದ್ದಾಳೋ ಇಲ್ಲವೋ.
ನಿನ್ನೆ ಇಡೀ ದಿನ ಒಂದು ಮದುವೆಯೂ ಕೆಡಲಿಲ್ಲ, ಲಖ್ದರ್.'

ಹಳೆಯ ಕವಲು ತುಂಡು ನನ್ನ ಅಂಗಿ ಜೇಬಿನಲ್ಲೇ ಇತ್ತು.

ಹೋದೆ. ಸಿಗ್ನಲ್ ನೋಡಬೇಕೆಂದು ಸುಳ್ಳು ಹೇಳಿದೆ.
ವರ್ದಾ ಬಾಗಿಲು ತೆಗೆದಳು; ಕಾಲಿಗೆ ಪಟ್ಟಿ, ಗೋಡೆ ಹಿಡಿದ ನಡಿಗೆ.
ಒಳಗೆ ಟೀವಿಯಲ್ಲಿ ಅದೇ ಮದುಮಗಳು. ಹದಿಮೂರರಲ್ಲಿ.
'ಈಗ ಬೇಕಾದ್ದು ನೋಡಬಹುದಲ್ಲ' ಎಂದೆ.
'ಕೆಳಗೆ ಅವಳು ಅಷ್ಟೊಂದು ನಗುವುದು ಯಾತಕ್ಕೆ ಅಂತ...'
ಅಷ್ಟಕ್ಕೇ ನಿಲ್ಲಿಸಿದಳು.

ಏಣಿ ಹೆಗಲಿಗೇರಿಸಿ ಮೆಟ್ಟಿಲ ನಡುವೆ ನಿಂತೆ.
ಎರಡು ರಿಸೀವರು, ಎರಡು ಕಂಪನಿ. ಹಾಗಾಗಿ
ಮದುಮಗಳು ಮೇಲೆ ಮೊದಲು ಅತ್ತಳು,
ಒಂದು ಉಸಿರು ಬಿಟ್ಟು ಕೆಳಗೆ.
ಆ ಉಸಿರಿನಷ್ಟು ಜಾಗದಲ್ಲಿ ನಾನು, ನನ್ನ ಏಣಿ,
ಒಲೆಯ ಮೇಲೆ ಮರೆತ ಶೋರ್ಬಾ ತಳ ಹಿಡಿಯುವ ವಾಸನೆ.
ಯಾರ ಮನೆಯದೆಂದು ತಿಳಿಯಲಿಲ್ಲ.
ಎರಡೂ ಬಾಗಿಲಿಗೆ ಕೇಳುವಂತೆ ಕೂಗಿದೆ.