ಅರವತ್ತು-ಹತ್ತು

ಏಳನೇ ಕ್ಲಾಸು, ಬಿ ಸೆಕ್ಷನ್ನು. ಮೂರನೇ ಭಾಷೆಗೆ ಮೂರು ಬಾಗಿಲು:
ಸಂಸ್ಕೃತಕ್ಕೆ ನೂರಕ್ಕೆ ನೂರು ಬೀಳುತ್ತದಂತೆ,
ಹಿಂದಿಗೆ ಮನೆಪಾಠ ಸುಲಭವಾಗಿ ಸಿಗುತ್ತದಂತೆ,
ಫ್ರೆಂಚಿಗೆ ನಾನಿದ್ದೇನೆ,
ವಸಂತನಗರದಲ್ಲಿ ಸಂಜೆ ಆರರ ಮೇಲೆ ಕಲಿತವಳು,
ಪ್ಯಾರಿಸ್ಸನ್ನು ಅವೆನ್ಯೂ ರಸ್ತೆಯಲ್ಲಿ
ನಲವತ್ತು ರೂಪಾಯಿಗೆ ಕೊಂಡು
ಗೋಡೆಗೆ ಅಂಟಿಸಿದವಳು.
ಹದಿನಾಲ್ಕು ವರ್ಷದಿಂದ ಆ ಗೋಪುರದ ಒಂದು ಮೂಲೆ
ಫ್ಯಾನು ತಿರುಗಿದಾಗೆಲ್ಲ ಎದ್ದು ಬೀಳುತ್ತದೆ.

ಪಾಠ ನಾಲ್ಕು: ಸಂತೆಯಲ್ಲಿ.
ಪುಸ್ತಕದ ಸಂತೆಗೆ ನೊಣವಿಲ್ಲ, ಚೌಕಾಸಿಯಿಲ್ಲ.
ಮದಾಮ್ ಲಫೋರ್ ಬುಟ್ಟಿ ಹಿಡಿದು ಬರುತ್ತಾಳೆ,
ಸ್ಟ್ರಾಬೆರಿ ಕೇಳುತ್ತಾಳೆ, ಚೀಸು ಕೇಳುತ್ತಾಳೆ,
ಸರಿಯಾದ ಚಿಲ್ಲರೆ ಕೊಡುತ್ತಾಳೆ, ಪ್ರತಿ ವರ್ಷ.
ಮಕ್ಕಳು ಮಗ್ಗಿಯ ಹಾಗೆ ಒಪ್ಪಿಸುತ್ತವೆ.

ಎಪ್ಪತ್ತಕ್ಕೆ ಏನು ಅಂದರೆ
ಸ್ವಾಸಾಂತ್-ದಿಸ್ ಅನ್ನಬೇಕು. ಅರವತ್ತು-ಹತ್ತು.
ತೊಂಬತ್ತಕ್ಕೆ ನಾಲ್ಕು-ಇಪ್ಪತ್ತು-ಹತ್ತು.
ಯಾಕೆ ಮಿಸ್? ವರ್ಷಕ್ಕೊಬ್ಬ ಕೇಳೇ ಕೇಳುತ್ತಾನೆ.
ಅಲ್ಲಿ ಹಾಗೇ ಕಣೋ, ಅನ್ನುತ್ತೇನೆ.
‘ಅಲ್ಲಿ’ ಅಂದಾಗ ಕೈ ತಾನಾಗಿ
ಚಾರ್ಟಿನ ಕಡೆ ಹೋಗುತ್ತದೆ.

ಅರ್ಧವಾರ್ಷಿಕ ಪರೀಕ್ಷೆ. ನಫೀಸಾ ಬಾನು, ರೋಲ್ ನಂಬರು ಇಪ್ಪತ್ತೇಳು,
ಎಪ್ಪತ್ತಕ್ಕೆ ‘ಸೆಪ್ತಾಂತ್’ ಎಂದು ಬರೆದಳು.
ಸಂತೆಯಲ್ಲಿ ಕೊಳ್ಳುವ ಐದು ಪದಾರ್ಥಗಳಲ್ಲಿ
ಗೊಂಬೊ, ಮಾನ್ಯೋಕ್ ಎಂದು ಬರೆದಳು.
ಮೂರಕ್ಕೂ ಕೆಂಪು ಸುತ್ತು. ಪಕ್ಕದಲ್ಲಿ ನನ್ನ ದುಂಡು ಅಕ್ಷರ:
ಊಹಿಸಿ ಬರೆಯಬಾರದು.

ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಳು.
‘ಊಹೆ ಅಲ್ಲ ಮಿಸ್. ನಮ್ಮ ಅಂಗಡಿಗೆ ಒಬ್ಬರು ಆಂಟಿ ಬರ್ತಾರೆ.’

ಶನಿವಾರ ಕೊತ್ತಂಬರಿಯ ನೆಪ ಮಾಡಿ
ಹೆಣ್ಣೂರು ಬಂಡೆಯ ತನಕ ಹೋದೆ.
ಮಗುಚಿದ ಸೋಡಾ ಕ್ರೇಟಿನ ಮೇಲೆ ನಫೀಸಾ,
ತಕ್ಕಡಿಯ ಹಿಂದೆ ಅವಳಪ್ಪ,
ಮುಂದೆ, ಬೆನ್ನಿಗೆ ಕೂಸು ಕಟ್ಟಿಕೊಂಡ, ಹಳದಿ ಬಟ್ಟೆ ಸುತ್ತಿದ,
ಕಿನ್ಶಾಸಾದ ಕ್ಲೋದೀನ್
ಬೆಂಡೆಕಾಯಿಯ ತುದಿ ಚಟ್ಟಂತ ಮುರಿದು ನೋಡುತ್ತಿದ್ದಳು,
ಥೇಟು ನನ್ನಮ್ಮನ ಹಾಗೆ.
‘ಮುರೀಬೇಡಿ ಅಕ್ಕಾ’ ಅಂದರೆ
ಇನ್ನೊಂದು ಮುರಿದಳು, ಅದೂ ಅಮ್ಮನ ಹಾಗೆಯೇ.

ಅವಳು ಐವತ್ತು ಅಂದಳು. ಹುಡುಗಿ ಸೆಪ್ತಾಂತ್ ಅಂದಳು,
ಗಿಟ್ಟಲ್ಲ ಆಂಟಿ, ಎಂದು ಕನ್ನಡ ಸೇರಿಸಿ.
ಏಳು ಹತ್ತು. ಎಪ್ಪತ್ತು. ನಮ್ಮ ಲೆಕ್ಕದ ಹಾಗೇ ನೆಟ್ಟಗೆ ನಿಂತ ಪದ,
ಬೆಂಡೆಗೆ ಗೊಂಬೊ, ಮರಗೆಣಸಿಗೆ ಮಾನ್ಯೋಕ್,
ನನ್ನ ಪುಸ್ತಕದಲ್ಲಿ ಯಾವುದೂ ಇಲ್ಲ.

ಬಾಯಿ ತೆರೆದೆ. ಹೊರಬಿದ್ದದ್ದು ಮದಾಮ್ ಲಫೋರ್,
ದಯವಿಟ್ಟು, ನನಗೆ, ಬೇಕಾಗಿತ್ತು, ಎನ್ನುತ್ತ.
ಕ್ಲೋದೀನ್ ನಕ್ಕಳು: ರೇಡಿಯೋ ಹಾಗೆ ಮಾತಾಡ್ತೀರಲ್ಲ, ಎಲ್ಲಿ ಕಲಿತಿರಿ?
ಅವಳ ಶಾಲೆಯ ಗೋಡೆಯ ಮೇಲೂ ಇದೇ ಗೋಪುರ ಇತ್ತಂತೆ.
ಮನೆಮಾತು ಆಡಿದವರ ಕೊರಳಿಗೆ
ದಾರ ಕಟ್ಟಿದ ಹಲಗೆ ತೂಗುತ್ತಿತ್ತಂತೆ.
ಅವಳು ಅದನ್ನು ಎರಡು ದಿನ ಹೊತ್ತಿದ್ದಳು,
ಮೂರನೆಯ ದಿನದಿಂದ ಅಜ್ಜಿಯ ಜೊತೆಗೂ ಮಾತು ಕಡಿಮೆಯಾಯಿತಂತೆ.

ನಮ್ಮಲ್ಲಿ ಹಲಗೆ ಇಲ್ಲ.
ಕಾರಿಡಾರಿನಲ್ಲಿ ಕನ್ನಡ ಆಡಿದರೆ ಹತ್ತು ರೂಪಾಯಿ.
ಡಬ್ಬ ನನ್ನ ಮೇಜಿನ ಮೇಲಿದೆ. ಹೇಳಲಿಲ್ಲ.
ಕೊತ್ತಂಬರಿ ತಗೊಂಡೆ, ಕಟ್ಟಿಗೆ ಹದಿನೈದು,
ಚೌಕಾಸಿ ಮಾಡಲಿಲ್ಲ.

ಸೋಮವಾರ. ಅಂಕ ತಿದ್ದಬೇಕಾದರೆ ಒಂದು ಫಾರಂ,
ಕೋಆರ್ಡಿನೇಟರರ ಸಹಿ, ನಡುವೆ ಒಂದು ಖಾಲಿ ಗೆರೆ: ಕಾರಣ.
ಮೂರು ಪಿರಿಯಡ್ಡು ಆ ಗೆರೆಯನ್ನೇ ನೋಡುತ್ತ ಕೂತೆ.
ಕೊನೆಗೆ ‘ಬೆಂಡೆಕಾಯಿ’ ಎಂದು ಬರೆದೆ,
ಕನ್ನಡದಲ್ಲೇ,
ಮತ್ತೆ ಪರ್ಸು ತೆಗೆದು
ಡಬ್ಬದೊಳಗೆ ಹತ್ತು ರೂಪಾಯಿ ಹಾಕಿದೆ.