ಮೆಜೆಸ್ಟಿಕ್ ಅಂದರೆ ಇಳಿಯಬೇಕು

ಮಾಗಡಿ ರಸ್ತೆಯ ನರ್ಸಿಂಗ್ ಹೋಮಿನಲ್ಲಿ
ಇಪ್ಪತ್ತೆರಡು ವರ್ಷ ನಾನು ಬರೀ ಸಿಸ್ಟರ್.
ಶನಿವಾರ ರಾತ್ರಿ, ಕಾಮಾಕ್ಷಿಪಾಳ್ಯದ ಎರಡನೇ ಮಹಡಿಯಲ್ಲಿ,
ಕಿಟಕಿಗೆ ದುಪ್ಪಟಿ ಕಟ್ಟಿದ ಮೇಲೆ,
ಮುನಿಕೃಷ್ಣ ನನ್ನನ್ನು ಡಾಕ್ಟ್ರೇ ಅನ್ನುತ್ತಾನೆ.
ನಗು ಬರುತ್ತದೆ. ಬಂದರೆ ಬರಲಿ, ನಕ್ಕೇ ಶುರುಮಾಡುತ್ತೇವೆ.

ಅವನು ಕಂಡಕ್ಟರು. ದಿನವಿಡೀ
ಒಳಗೆ ಹೋಗಿ, ಒಳಗೆ ಹೋಗಿ, ಚಿಲ್ಲರೆ ಕೊಡಿ,
ಬಾಗಿಲು ಬಿಡಿ ಎಂದು ಹೇಳಿ ಹೇಳಿ ಸವೆದ ಗಂಟಲು.
ಒಬ್ಬರಾದರೂ ನನಗೆ ಹೇಳಲಿ, ಮಲಗು ಅಂತ,
ಉಸಿರು ಎಳೆದುಕೋ, ಬಿಡು ಅಂತ.
ಇಷ್ಟೇ ಅವನ ಆಸೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ
ಸಾರಿಗೆ ಉಪ್ಪು ಜಾಸ್ತಿ ಅನ್ನುವವನ ಹಾಗೆ ತಲೆ ತಗ್ಗಿಸಿ ಹೇಳಿದ್ದು.

ನಾನು ತಕ್ಷಣ ಹೂಂ ಅನ್ನಲಿಲ್ಲ.
ವಾರ್ಡಿನವಳಿಗೆ ಸೂಜಿ ಎಂದರೆ ಸೂಜಿಯೇ.
ಎದುರುಬದುರು ಕೂತು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದೆವು:
ಚರ್ಮ ದಾಟಿ ಒಳಹೋಗುವುದು ಯಾವುದೂ ಬೇಡ.
ನಳಿಗೆ ಬೇಡ, ಸೋಂಕು ತಗುಲಿ ಚಳಿಯಲ್ಲಿ ನಡುಗಿದವರ
ಕಾಲು ಹಿಡಿದು ಕೂತವಳು ನಾನು.
ಮತ್ತಿನ ಮಾತ್ರೆ ಬೇಡ, ಅವತ್ತು ಗುಂಡೂ ಬೇಡ,
ಮಂಪರಿನಲ್ಲಿರುವವನ ಹೂಂ, ಹೂಂ ಅಲ್ಲ.
ಉಸಿರು ಕಟ್ಟಿಸುವ ಮಾತೇ ಎತ್ತಬಾರದು.
ಆಸ್ಪತ್ರೆಯಿಂದ ಒಂದು ಹತ್ತಿಯುಂಡೆಯೂ ಮನೆಗೆ ಬರಬಾರದು,
ಕಳ್ಳತನ ಒಂದು, ಯಾರದೋ ರೋಗ ಇನ್ನೊಂದು.
ಮುಗಿದ ಮೇಲೆ ಲೈಟು ಹಾಕಿ ಹೆಸರು ಹಿಡಿದು ಕರೆಯಬೇಕು,
ಬಿಸಿ ಹಾಲು ಕೊಡಬೇಕು.
ಇದೊಂದು ಅವನು ಬರೆಸಿದ್ದು.

ಕಲಾಸಿಪಾಳ್ಯದ ಕಡೆ ಒಂದು ಸರ್ಜಿಕಲ್ ಅಂಗಡಿ.
"ಯಾರಿಗೆ ಹುಷಾರಿಲ್ಲ?" ಎಂದ ಅಂಗಡಿಯವ.
ಮುನಿಕೃಷ್ಣ ಕೆಮ್ಮಿದ.
ನೀಲಿ ಕೈಗವಸು ತಗೊಂಡೆ, ಬಿಳಿ ರಬ್ಬರಿನದು ಬೇಡ,
ಬಲೂನು ಊದಿದರೇ ಅವನ ತುಟಿ ದಪ್ಪಗಾಗುತ್ತದೆ.
ತುದಿ ಮೊಂಡಾದ ಕತ್ತರಿ ಒಂದು. ಅದರ ಜಾಗ ದಿಂಬಿನ ಪಕ್ಕ.

ನಿಲ್ಲಿಸುವ ಮಾತು ಯಾವುದು?
ಬೇಡ ಅಂದರೆ ಸಾಲದು, ಬೇಡ ಬೇಡ ಅನ್ನುವುದೂ ಆಟದಲ್ಲಿ ಬರುತ್ತದೆ.
ಅವನೇ ಹುಡುಕಿದ: ಮೆಜೆಸ್ಟಿಕ್.
ಲಾಸ್ಟ್ ಸ್ಟಾಪು. ನಿದ್ದೆ ಹೋದವರೂ ಇಳಿಯಬೇಕು,
ಯಾಕೆ ಅಂತ ಯಾರೂ ಕೇಳುವುದಿಲ್ಲ.
ಮಾತು ಹೊರಡದಿದ್ದರೆ ಮುಷ್ಟಿಯೊಳಗಿನ ಬೀಗದಕೈ ಕೆಳಗೆ ಬಿಡಬೇಕು.

ಆದರೂ ಒಮ್ಮೆ ತಪ್ಪಿದೆ. ನಾನೇ.
ಮಣಿಕಟ್ಟಿಗೆ ಸುತ್ತಿದ ಪಟ್ಟಿ ಬಿಗಿಯಾಗಿ
ಬೆರಳು ಜೋಮು ಹಿಡಿದು ತಣ್ಣಗಾದರೂ ಅವನು ಸುಮ್ಮನಿದ್ದ.
ಒಳ್ಳೆಯ ರೋಗಿ ಆಗಬೇಕಿತ್ತಂತೆ.
ಕತ್ತರಿಸಿ ಬಿಡಿಸಿದೆ, ಬೈದೆ, ಅತ್ತೆ.
ಎರಡು ದಿನ ಟಿಕೆಟ್ ಯಂತ್ರದ ಗುಂಡಿ ಅವನ ಬೆರಳಿಗೆ ಸಿಗಲಿಲ್ಲ.
ಆಮೇಲಿಂದ ಕಟ್ಟಿನ ಕೆಳಗೆ ನನ್ನ ಎರಡು ಬೆರಳು ತೂರಬೇಕು,
ಆಗಾಗ ಉಗುರು ಒತ್ತಿ ನೋಡುತ್ತೇನೆ, ಕೆಂಪು ವಾಪಸ್ ಬರುತ್ತದಾ ಅಂತ.
ಒಳ್ಳೆಯ ರೋಗಿಗಳನ್ನು ನಾನು ನಂಬುವುದಿಲ್ಲ.

ಹೋದ ತಿಂಗಳು, ಬಿ.ಪಿ. ಯಂತ್ರ ಅವನ ತೋಳಿಗೆ.
ಆಟಕ್ಕೆಂದೇ ಗಾಳಿ ತುಂಬಿದ್ದು.
ನೂರ ಎಪ್ಪತ್ತೆರಡು, ನೂರ ಆರು.
ಸಂಭ್ರಮಕ್ಕೆ ಏರಿರಬಹುದು ಅಂತ ಹತ್ತು ನಿಮಿಷ ಕೂರಿಸಿದೆ.
ಮತ್ತೆ ಅದೇ, ಒಂದೆರಡು ಆಚೀಚೆ.
"ಮೆಜೆಸ್ಟಿಕ್," ಅಂದೆ.
"ಅದು ನನ್ನ ಮಾತು."
"ಇಬ್ಬರದೂ. ಅಂಗಿ ಹಾಕ್ಕೋ."

ಸೋಮವಾರ ನಿಜವಾದ ಡಾಕ್ಟರು
ಕಂಪ್ಯೂಟರು ನೋಡುತ್ತಲೇ ಅವನ ತೋಳು ಎಳೆದುಕೊಂಡರು.
ಪಟ್ಟಿ ಬಿಗಿಯಿತು. ಅವನು ನನ್ನತ್ತ ತಿರುಗಿದ,
ಕೇಳಲೇ ಇಲ್ಲವಲ್ಲ ಅನ್ನುವ ಹಾಗೆ.
ನಾನೂ ದಿನಕ್ಕೆ ಅರವತ್ತು ತೋಳು ಹಾಗೇ ಎಳೆಯುವವಳು.

ಈಗ ಬೆಳಿಗ್ಗೆ ಒಂದು ಗುಳಿಗೆ, ಉಪ್ಪಿನಕಾಯಿ ಬಂದ್.
ಶನಿವಾರದ್ದು ಮುಂದುವರಿಸಬಹುದಾ ಅಂತ ಹೇಗೆ ಕೇಳೋದು?
ಮೆಟ್ಟಿಲು ಹತ್ತಬಹುದಾ ಅಂತ ಕೇಳು, ಎನ್ನುತ್ತಾನೆ ಮುನಿಕೃಷ್ಣ.

ನಿನ್ನೆ ವಾರ್ಡಿನಲ್ಲಿ, ಏಳನೇ ಮಂಚದ ಅಜ್ಜಿಗೆ
ಸೂಜಿ ಹಾಕುವ ಮುನ್ನ ಕೇಳಿದೆ: ಹಾಕಲಾ?
ಅಜ್ಜಿ ಗಾಬರಿಬಿದ್ದು ಎದ್ದು ಕೂತಳು.
ಯಾಕಮ್ಮಾ, ಅಷ್ಟು ಸೀರಿಯಸ್ಸಾ?