ಒಂದಕ್ಷರಕ್ಕೆ ಎಷ್ಟು ಮನೆ

ಡಂಡೀ ಊರಿನ ಆಸ್ಪತ್ರೆ, ನೆಲಮಾಳಿಗೆ, ರಾತ್ರಿ ಎರಡೂಕಾಲು.
ಫೋನ್ ಬೋರ್ಡಿನ ದೀಪಗಳು ಸುಮ್ಮನಿವೆ.
ಯಾರೋ ಬಿಸಾಡಿದ ಕಂಪ್ಯೂಟರಿನ ಕಪ್ಪು ಟರ್ಮಿನಲ್‌ನಲ್ಲಿ
ನಾನೊಂದು ಪದದಾಟ ಕಟ್ಟುತ್ತಿದ್ದೇನೆ:
ಏಳು ವ್ಯಂಜನ ಕೊಡುವುದು, ನಡುವಿನದು ಕಡ್ಡಾಯ,
ಸ್ವರ ನಿಮ್ಮಿಷ್ಟ.
ಚಿತ್ರವಿಲ್ಲ. ಬಣ್ಣ ಒಂದೇ, ಹಸಿರು.

ಈ ಪರದೆಗೆ ಎಂಬತ್ತು ಮನೆಗಳ ಸಾಲು, ಮನೆಗೊಂದು ಅಕ್ಷರ.
ಬಾಡಿಗೆ ಕರಾರು ಇಂಗ್ಲಿಷಿನ ಹೆಸರಿಗೆ.
‘ಸ್ತ್ರೀ’ ಎಂದು ಬರೆದೆ.
ಆರು, ಎಂದಿತು ಯಂತ್ರ.
ಒಂದು, ಎಂದೆ ನಾನು.
ಸ, ಒಂದು ಕೊಕ್ಕೆ, ತ, ಮತ್ತೊಂದು ಕೊಕ್ಕೆ, ರ, ಕೊನೆಗೊಂದು ದೀರ್ಘ
ಬಿಡಿಬಿಡಿಯಾಗಿ ಎಣಿಸಿ ತೋರಿಸಿತು,
ಮದುವೆಮನೆಯ ಉಗ್ರಾಣದಲ್ಲಿ ಲಾಡು ಎಣಿಸುವವನ ಹಾಗೆ.
ಅದಕ್ಕೆ ಗೊತ್ತಿರುವುದು ಕೂಡುವ ಲೆಕ್ಕ.
ನಮ್ಮದು ಕಾಗುಣಿತ, ಹೆಸರಲ್ಲೇ ಗುಣಾಕಾರ.

ಕರ್ಸರ್ ಪದವನ್ನು ಬಿಟ್ಟು ಎಲ್ಲೋ ಆಚೆ ಹೋಗಿ ನಿಲ್ಲುತ್ತದೆ,
ಸ್ಟಾಪು ದಾಟಿ ನಿಂತ ಬಸ್ಸು.
ಅರ್ಕಾವತ್ತಂತೂ ತರಲೆ:
ಬಾಯಿಗೆ ಮೊದಲು, ಬರಹಕ್ಕೆ ಆಮೇಲೆ.
ಮೂರು ರಾತ್ರಿ ಅದರ ಹಿಂದೆಯೇ ಹೋದವು.

ಪದಪಟ್ಟಿಯೂ ನನ್ನದೇ, ನೆನಪಿನಿಂದ ಕುಟ್ಟಿದ್ದು.
ಮೊದಲ ವಾರ ಅಡಿಗೆಮನೆಯಿಂದ ಹೊರಗೇ ಬರಲಿಲ್ಲ:
ಸಟ್ಟುಗ, ಜಾಲರಿ, ಒರಳು, ಒಗ್ಗರಣೆ.
ಬೈಗುಳದ ಹತ್ತಿರ ಬೆರಳು ಒಂದು ಗಳಿಗೆ ತಡೆಯಿತು.
ಹಾಕಿದೆ. ಆಡುವವರಿಗೆ ಸಿಟ್ಟೂ ಬರಬೇಕಲ್ಲ.
ಸಾವಿರದ ನೂರಾ ಹನ್ನೆರಡಕ್ಕೆ ಬಂದಿದ್ದೇನೆ.

ಪಕ್ಕದ ಕುರ್ಚಿಯ ಮೊರಾಗ್ ಪೆಟ್ರಿ ಈವರೆಗಿನ ಒಬ್ಬಳೇ ಆಟಗಾರ್ತಿ.
ಚಳಿಗಾಲದಿಂದ ಅಕ್ಷರ ಕಲಿಯುತ್ತಾಳೆ, ಯಾಕೆಂದು ಹೇಳಿಲ್ಲ.
ಒತ್ತು ಕೊಡು ಅಂದರೆ ಕೀಲಿಯನ್ನೇ ಜೋರಾಗಿ ಒತ್ತುತ್ತಾಳೆ.
‘ಅಕ’ ಎಂದು ಬರೆದು, ತಪ್ಪೇನು ಎನ್ನುತ್ತಾಳೆ.
ಒಂದು ಕ ಸಾಲದು ಮೊರಾಗ್,
ಅಕ್ಕ ಯಾವಾಗಲೂ ಕಂಕುಳಲ್ಲಿ ಇನ್ನೊಂದನ್ನು ಎತ್ತಿಕೊಂಡಿರುತ್ತಾಳೆ.

ಇವತ್ತಿನ ಏಳು: ನಡುವೆ ಗ, ಸುತ್ತ ಣ ಬ ರ ಲ ತ ಹ.
ಅವಳು ‘ಗಣಿ’ ಬರೆದಳು. ಸರಿ, ಎರಡು ಅಂಕ.
ಕುಣಿದೇಬಿಟ್ಟಳು: ನಮ್ಮಜ್ಜಿಯ ಪದ! ಚೀಲ! ಗನಿ!
ನ ಇರಲಿಲ್ಲ, ಪಕ್ಕದ್ದನ್ನು ಹಾಕಿದೆ.
ಅಜ್ಜಿ ಈ ಊರ ಸೆಣಬಿನ ಗಿರಣಿಯಲ್ಲಿ ಮಗ್ಗದವಳಂತೆ,
ಗದ್ದಲಕ್ಕೆ ಕಿವಿ ಹೋಗಿ
ಮನೆಯಲ್ಲೂ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳಂತೆ.

ನೀನು ಬರೆದದ್ದು ಮಣ್ಣು ಅಗೆಯುವ ಜಾಗ, ಮಾರಾಯ್ತಿ.
ಚೀಲ ಹೀಗೆ, ಎಂದು ಪಂಡಿತಳಂತೆ ಕೀಲಿಮಣೆ ಎಳೆದುಕೊಂಡು
‘ಗೋಣಿ’ ಬರೆದೆ.

ಪಟ್ಟಿಯಲ್ಲಿಲ್ಲ, ಎಂದಿತು ನನ್ನದೇ ಆಟ.

ಮೊರಾಗ್ ನಗಲಿಲ್ಲ. ನನ್ನ ತುಟಿ ನೋಡುತ್ತಿದ್ದಳು.
ಇನ್ನೊಮ್ಮೆ ಹೇಳು, ಅಂದಳು. ಹೇಳಿದೆ.
ಅವಳೂ ಅಂದಳು, ಸದ್ದಿಲ್ಲದೆ, ಬಾಯಿ ದೊಡ್ಡದು ಮಾಡಿ.

ಸಾವಿರದ ನೂರಾ ಹದಿಮೂರು.
ನಾಲ್ಕನೇ ವಾರ್ಡಿನ ದೀಪ ಹತ್ತಿತು, ಅವಳು ಫೋನೆತ್ತಿದಳು.
ಗೋಣಿಗೆ ನನ್ನ ಲೆಕ್ಕದಲ್ಲಿ ಎರಡು ಮನೆ, ಯಂತ್ರಕ್ಕೆ ನಾಲ್ಕು.
ಖಾಲಿ ಉಳಿದ ಎರಡನ್ನು ದಾಟಿ
ಕರ್ಸರ್ ಮಿಟುಕುತ್ತಿದೆ. ಅದನ್ನಿನ್ನೂ ಸರಿಮಾಡಿಲ್ಲ.